ಊಟ ಮುಗಿದ ಮೇಲೆ ಏನು ಮಾಡಿದೆ?

ನಮ್ಮ ಮನೆಗೆ ಬೆಲ್ ಇದ್ದರೂ ಅವರು ಒಂದು ದಿನವೂ ಅದನ್ನು ಒತ್ತಿದವರಲ್ಲ. ಎರಡು ಬೆರಳಿನಿಂದ ಬಾಗಿಲನ್ನು ಮೆತ್ತಗೆ ತಟ್ಟಿ, ತಟ್ಟಿದ್ದೇ ಅಪರಾಧವೇನೋ ಎಂಬಂತೆ ಎರಡು ಹೆಜ್ಜೆ ಹಿಂದೆ ಸರಿದು ನಿಲ್ಲುತ್ತಿದ್ದರು. ನಾನು ಬಾಗಿಲು ತೆರೆದರೆ ಮೊದಲು ಸೊಂಟದಿಂದ ಬಾಗಿ ಒಂದು ನಮಸ್ಕಾರ, ಆಮೇಲೆ, "ಟೀಚರ್, ಸ್ಮಾಲ್ ಕ್ವೆಶ್ಚನ್." ಆ ಸ್ಮಾಲ್ ಕ್ವೆಶ್ಚನ್ ಮುಗಿಯುವಷ್ಟರಲ್ಲಿ ನನ್ನ ಚಹಾ ಆರಿ ಕೆನೆಗಟ್ಟಿರುತ್ತಿತ್ತು.

ಹೋದ ತಿಂಗಳು ಅವರ ಗಂಡನಿಂದ ಇ-ಮೇಲ್ ಬಂತು, ಅವರು ತೀರಿಕೊಂಡರೆಂದು. ನನಗಿಂತ ಹದಿನೈದು ವರ್ಷವಾದರೂ ಚಿಕ್ಕವರು. ಇಲ್ಲಿ ಅವರ ಹೆಸರು ಬರೆಯುವುದಿಲ್ಲ. ಫೋಟೋ ತೆಗೆಯುವಾಗ ಸದಾ ಹಿಂದಿನ ಸಾಲಿಗೆ ಹೋಗಿ ಯಾರದ್ದಾದರೂ ಭುಜದ ಹಿಂದೆ ನಿಲ್ಲುತ್ತಿದ್ದ ಹೆಂಗಸು. ಹೆಸರು ಹಾಕಿದರೆ ಮುಜುಗರಪಟ್ಟುಕೊಂಡಾರು.

ನಾವು ದುಬೈಯ ಡಿಸ್ಕವರಿ ಗಾರ್ಡನ್ಸ್‌ನಲ್ಲಿ ಎದುರು ಬದುರು ಫ್ಲ್ಯಾಟಿನವರಾಗಿದ್ದೆವು. ನಾನು ಮೂವತ್ತು ವರ್ಷ ದುಬೈಯ ಒಂದು ಇಂಡಿಯನ್ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ರಿಟೈರ್ ಆದವಳು. ನನ್ನವರು ತೀರಿಕೊಂಡ ಮೇಲೆ ಮಗಳ ವೀಸಾದಲ್ಲಿ, ಮಗಳು ಅಳಿಯನ ಮನೆಯಲ್ಲಿ, ಮೊಮ್ಮಗಳು ರಿಯಾಳ ಹೋಮ್‌ವರ್ಕ್ ನೋಡಿಕೊಂಡು ಇದ್ದೇನೆ. ಅವರ ಗಂಡ ಜೆಬೆಲ್ ಅಲಿಯಲ್ಲಿ ಒಂದು ಜಪಾನಿ ಕಂಪನಿಯ ಇಂಜಿನಿಯರ್. ಇವರು ಜಪಾನಿನ ತಮ್ಮ ಊರಿನಲ್ಲಿ ಇಪ್ಪತ್ತು ವರ್ಷ ಪಿ.ಟಿ. ಟೀಚರ್ ಆಗಿದ್ದರಂತೆ. ಗಿಡ್ಡ ಆಳು, ಕಿವಿ ಮೇಲಕ್ಕೆ ಕತ್ತರಿಸಿದ ಕೂದಲು, ಬಿಸಿಲಿಗೆ ಬಿಳಿ ಹತ್ತಿಯ ಗ್ಲೌಸು, ಕೈಯಲ್ಲಿ ಸದಾ ಒಂದು ಚಿಕ್ಕ ಟವೆಲ್. ಲಿಫ್ಟ್ ಹತ್ತಿದ್ದನ್ನು ನಾನು ನೋಡಿಯೇ ಇಲ್ಲ.

ಕೆಳಗಿನ ಗ್ರೋಸರಿಯ ಹಂಝಾ ನಮ್ಮ ಉಪ್ಪಿನಂಗಡಿ ಕಡೆಯವ. ಅವನಿಗೆ ಇವರನ್ನು ಕಂಡರೆ ಬಹಳ ಗೌರವ, ಆದರೆ ಅವರ ದೇಶದ ಹೆಸರು ಮಾತ್ರ ಅವನ ಬಾಯಲ್ಲಿ ಸರಿಯಾಗಿ ಬರುತ್ತಿರಲಿಲ್ಲ.

"ಎಂತ ಟೀಚರ್, ನಿಮ್ಮ ಚೈನಾದ ಮೇಡಂ ಅಕ್ಕಿ ಚೀಲ ಹೊತ್ಕೊಂಡು ಮೆಟ್ಲಲ್ಲಿ ಹೋದ್ರಲ್ಲ. ನಾನು ಹೋಮ್ ಡೆಲಿವರಿ ಕೊಡ್ತೇನೆ ಅಂತ ಹೇಳಿದ್ರೂ ಕೇಳುದಿಲ್ಲ."

"ಚೈನಾ ಅಲ್ಲ ಮಾರಾಯ, ಜಪಾನ್."

"ಆಯ್ತು, ಜಪಾನ್. ನಿಮಗಾದ್ರೆ ಒಂದು ಲಿಂಬೆಹುಳಿ ಸಹ ಮೇಲೆ ಕಳಿಸ್ಬೇಕು."

ಮಾತು ನಿಜ. ನಾನು ಕಲಿತ ಕಾನ್ವೆಂಟಿನಲ್ಲಿ ವರಾಂಡದಲ್ಲಿ ಓಡಿದ ಹುಡುಗಿ ಮೊದಲ ತುದಿಗೆ ವಾಪಸು ಹೋಗಿ, ಮತ್ತೆ ಲೇಡಿಯ ಹಾಗೆ ನಡೆದುಕೊಂಡು ಬರಬೇಕಿತ್ತು. ನಾನು ಹಾಗೆ ಎಷ್ಟು ಸಲ ವಾಪಸು ಹೋಗಿದ್ದೆನೆಂದರೆ, ಹತ್ತನೇ ಕ್ಲಾಸಿಗೆ ಬರುವಾಗ ಓಡುವ ಆಸೆಯೇ ಮೈಯಿಂದ ಇಳಿದುಹೋಗಿತ್ತು. ಸಿಸ್ಟರ್‌ಗಳು ನನಗೆ ಕೊಟ್ಟದ್ದು ಎರಡು: ನೆಟ್ಟಗಿನ ಬೆನ್ನು, ತಪ್ಪಿಲ್ಲದ ಇಂಗ್ಲಿಷ್. ಎರಡನೆಯದು ಒಂದು ಕಾಯಿಲೆಯ ಹಾಗೆಯೇ. ಮದುವೆಯ ಇನ್ವಿಟೇಶನ್, ಚರ್ಚಿನ ಬುಲೆಟಿನ್, ಲಿಫ್ಟಿನೊಳಗೆ ಅಂಟಿಸಿದ ನೋಟಿಸು, ಏನು ಕಂಡರೂ ನನ್ನ ಕೈ ಪರ್ಸಿನಲ್ಲಿರುವ ಕೆಂಪು ಪೆನ್ಸಿಲ್ ಹುಡುಕುತ್ತದೆ. ಹಂಝಾ ಹೊಸ ಬೋರ್ಡ್ ಬರೆಸಿದರೆ ಒಂದು ವಾರ ನನ್ನ ಕಣ್ಣು ತಪ್ಪಿಸುತ್ತಿದ್ದ.

ಅವರು ಮೊದಲ ಸಲ ಬಾಗಿಲು ತಟ್ಟಿದ್ದೂ ಅದಕ್ಕೇ. ಯಾರೋ ಹೇಳಿದ್ದರಂತೆ, ಎದುರು ಮನೆಯ ಓಲ್ಡ್ ಲೇಡಿ ಇಂಗ್ಲಿಷ್ ಟೀಚರ್ ಎಂದು. ಅವರ ಕೈಯಲ್ಲಿ ಪ್ರಶ್ನೆಗಳ ಕೆಲವು ಹಾಳೆಗಳಿದ್ದವು. ಯಾವುದೋ ಹಿಮದ ದೇಶದಲ್ಲಿ ಇಂಗ್ಲಿಷಿನಲ್ಲಿ ತಯಾರಾದವು, ಮಕ್ಕಳೇ ಓದಿ ಟಿಕ್ ಹಾಕುವಂಥವು. ಕಳೆದ ಏಳು ದಿನಗಳಲ್ಲಿ ನೀನು ಎಷ್ಟು ಸಲ ಓಡಿದೆ, ಹಾರಿದೆ, ಏದುಸಿರು ಬಿಟ್ಟೆ, ಸ್ಕೂಲಿನಿಂದ ಬಂದ ಮೇಲೆ ಏನು ಆಡಿದೆ, ಹೀಗೆ. ಮಕ್ಕಳ ಮೈ ಎಷ್ಟು ಅಲುಗುತ್ತದೆಂದು ಅಳೆಯುವ ಒಂದು ಅಳತೆಗೋಲು. ಅದನ್ನು ಜಪಾನಿ ಮಕ್ಕಳಿಗೆ ಹೊಂದಿಸುವ ಕೆಲಸವನ್ನು ಅವರ ಹಳೆಯ ಪ್ರೊಫೆಸರ್ ಅವರಿಗೆ ಒಪ್ಪಿಸಿದ್ದರು. ದುಬೈಯಲ್ಲಿ ಜಪಾನಿ ಮಕ್ಕಳೇ ಓದುವ ಒಂದು ಚಿಕ್ಕ ಶಾಲೆಯಲ್ಲಿ ಅದರ ಪರೀಕ್ಷೆ ಆಗಬೇಕಿತ್ತು.

"ಟ್ರಾನ್ಸ್‌ಲೇಟ್ ಮಾಡಿದರೆ ಆಯಿತಲ್ಲ?" ಎಂದೆ ನಾನು.

ಅವರು ತಲೆಯನ್ನು ಒಂದು ಬದಿಗೆ ವಾಲಿಸಿ, ಹಲ್ಲಿನ ಸಂದಿಯಿಂದ ಉಸಿರೆಳೆದರು. ಅವರು 'ಇಲ್ಲ' ಎನ್ನುವುದು ಹಾಗೆ ಎಂದು ಆಮೇಲೆ ತಿಳಿಯಿತು.

ಮೊದಲ ಪರೀಕ್ಷೆ ನನ್ನ ಮೇಲೆಯೇ ಆಯಿತು. ಎಪ್ಪತ್ತು ದಾಟಿದ ನಾನು ಮಕ್ಕಳ ಪ್ರಶ್ನೆಗಳಿಗೆ ಟಿಕ್ ಹಾಕಿದೆ. ಬೆವರಿದ್ದು ಎಷ್ಟು ಸಲ ಎಂಬಲ್ಲಿ, 'ದಿನವೂ, ಕಿಚನ್‌ನಲ್ಲಿ' ಎಂದು ತಮಾಷೆಗೆ ಬರೆದೆ. ಅವರು ನಗಲಿಲ್ಲ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, "ಒಲೆಯ ಬೆವರು, ಓಟದ ಬೆವರು. ಮಗುವಿಗೆ ಹೇಗೆ ಬೇರೆ ಮಾಡಿ ಹೇಳುವುದು?" ಎಂದು ಕೇಳಿ, ನನ್ನ ಉತ್ತರಕ್ಕೆ ಕಾದು ಕುಳಿತರು. ನಮ್ಮ ಮಾತೆಲ್ಲ ಇಂಗ್ಲಿಷಿನಲ್ಲೇ. ಅವರದು ಹತ್ತಿಪ್ಪತ್ತು ಪದಗಳನ್ನು ಹೊಸಲಿನ ಬಳಿ ಚಪ್ಪಲಿಗಳ ಹಾಗೆ ಜೋಡಿಸಿಟ್ಟಂಥ ಇಂಗ್ಲಿಷ್. ಆದರೆ ಅವರು ಏನು ಕೇಳುತ್ತಿದ್ದಾರೆಂದು ತಿಳಿಯದೆ ಹೋದದ್ದು ಒಮ್ಮೆಯೂ ಇಲ್ಲ.

ಮೂಲದ ಆಟಗಳ ಪಟ್ಟಿಯಲ್ಲಿ ಐಸ್ ಹಾಕಿ, ಸ್ಕೀಯಿಂಗ್ ಎಲ್ಲ ಇದ್ದವು. ಮರಳುಗಾಡಿನಲ್ಲಿರುವ ಮಕ್ಕಳಿಗೆ ಅದೆಲ್ಲ ಯಾಕೆಂದು ಹಿಮಕ್ಕೆ ಸಂಬಂಧಿಸಿದ್ದನ್ನೆಲ್ಲ ಹೊಡೆದುಹಾಕಿದರು. ಮರುವಾರ ಬಂದು ನಮ್ಮ ಹೊಸಲಲ್ಲೇ ಕುಳಿತುಬಿಟ್ಟರು. ಒಬ್ಬಳು ಹುಡುಗಿ ಕಳೆದ ವಾರ ಸ್ಕೀ ಮಾಡಿದೆ ಎಂದಳಂತೆ. ಎಲ್ಲಿ ಎಂದರೆ ಮಾಲ್‌ನ ಒಳಗೆ ಮಾಡಿಟ್ಟ ಹಿಮದ ಗುಡ್ಡದಲ್ಲಿ.

"ನಾನು ಹಿಮ ತೆಗೆದೆ ಟೀಚರ್. ಮಕ್ಕಳು ಹಿಮ ವಾಪಸು ತಂದರು."

ಇನ್ನೊಂದು ದಿನ, ಸ್ಕೂಲಿನಲ್ಲಿ ಮಕ್ಕಳೇ ಕ್ಲಾಸು ಗುಡಿಸಿ ಒರೆಸುವ ಪದ್ಧತಿಯನ್ನು ಪ್ರಶ್ನೆಯಲ್ಲಿ ಸೇರಿಸಬೇಕೇ ಎಂಬ ಸಂಶಯ. ಒರೆಸುವುದು ವ್ಯಾಯಾಮ ಹೇಗಾಗುತ್ತದೆ ಎಂದು ನಾನು ಕೇಳಿದ್ದೇ ತಪ್ಪಾಯಿತು. ನನ್ನ ಕಿಚನ್ ಬಟ್ಟೆ ಒದ್ದೆ ಮಾಡಿ ಹಾಲ್‌ನ ನೆಲಕ್ಕೆ ಹಾಸಿ, ಅದರ ಮೇಲೆ ಎರಡೂ ಅಂಗೈ ಊರಿ, ಸೊಂಟ ಮೇಲೆತ್ತಿ, ಸೋಫಾದಿಂದ ಟೀವಿಯವರೆಗೆ ಒಂದೇ ಓಟ. ಐವತ್ತೈದು ದಾಟಿದ ಹೆಂಗಸು. ರಿಯಾ ಹೋಮ್‌ವರ್ಕ್ ಬಿಸಾಡಿ, "ಗ್ರ್ಯಾನಿ, ಕ್ಯಾನ್ ಐ ಡೂ ಇಟ್ ಟೂ?" ಎಂದು ಇನ್ನೊಂದು ಬಟ್ಟೆ ಹಿಡಿದು ಇಳಿದಳು. ನಾಲ್ಕು ಸುತ್ತು ಆದ ಮೇಲೆ ಅವರು ಎದ್ದು, ಟವೆಲಿನಿಂದ ಹಣೆ ಒತ್ತಿಕೊಂಡು, ನನ್ನ ಕೈ ಹಿಡಿದು ತಮ್ಮ ಎದೆಯ ಮೇಲೆ ಇಟ್ಟುಕೊಂಡರು. ಒಳಗೆ ಧಡ ಧಡ.

"ನೋಡಿ. ಕ್ಲೀನಿಂಗ್ ಅಲ್ಲ ಇದು, ರೇಸ್."

ಆ ವಾರವಿಡೀ ನಮ್ಮ ಹಾಲ್ ಫಳಫಳ ಹೊಳೆಯುತ್ತಿತ್ತು.

ಈಗ ನನ್ನ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಇಂಥ ಕೆಲಸದಲ್ಲಿ ಒಂದು ಕ್ರಮವಿದೆ. ಇವರು ಜಪಾನಿ ಭಾಷೆಗೆ ತಂದ ಪ್ರಶ್ನೆಗಳನ್ನು, ಮೂಲವನ್ನು ನೋಡಿಯೇ ಇರದ ಇನ್ನೊಬ್ಬರು ಮತ್ತೆ ಇಂಗ್ಲಿಷಿಗೆ ತಿರುಗಿಸಬೇಕು. ಆಮೇಲೆ ಎರಡು ಇಂಗ್ಲಿಷನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ, ಅರ್ಥ ಎಲ್ಲಿ ಜಾರಿದೆಯೆಂದು ಕಾಣುತ್ತದೆ. ತಿರುಗಿಸುವ ಕೆಲಸ ಮಾಡಿದವರು ಅಬುಧಾಬಿಯ ಒಂದು ಆಫೀಸಿನಲ್ಲಿದ್ದ ಜಪಾನಿ ದುಭಾಷಿ ಹೆಂಗಸು. ಎರಡನ್ನೂ ಹೋಲಿಸಿ ನೋಡುವ ಕೆಲಸ ನನಗೆ ಬಂತು.

ಆ ಹಾಳೆಗಳನ್ನು ಓದಿದಾಗ ನನ್ನ ಮೈಯಲ್ಲಿ ಮುಳ್ಳೆದ್ದಿತು. ಎಂಥ ಇಂಗ್ಲಿಷ್ ಅದು. ಪಾಪ, ಆಫೀಸಿನಲ್ಲಿ ದುಡಿಯುವ ಹೆಂಗಸು, ಯಾರೂ ಸರಿಯಾಗಿ ಕಲಿಸಿಲ್ಲ ಎಂದುಕೊಂಡೆ. ಅವಳ ಮರ್ಯಾದೆ ಉಳಿಸುವುದು ನನ್ನ ಕರ್ತವ್ಯ ಎಂಬಂತೆ ಕೆಂಪು ಪೆನ್ಸಿಲ್ ತೆಗೆದೆ. ಎರಡು ದಿನ ಕುಳಿತು ಪ್ರತಿ ವಾಕ್ಯವನ್ನೂ ನೆಟ್ಟಗೆ ಮಾಡಿದೆ. ಅನುಮಾನ ಬಂದಲ್ಲಿ ಮೂಲವನ್ನು ನೋಡಿ ಅದರಂತೆಯೇ ಮಾಡಿದೆ. ಚೆಂದಕ್ಕೆ ಟೈಪ್ ಮಾಡಿ, ಗೀಚಿದ ಹಾಳೆಗಳನ್ನು ಹರಿದು ಕಸಕ್ಕೆ ಹಾಕಿದೆ. ತಿದ್ದಿದೆನೆಂದು ಅವರಿಗೆ ಹೇಳಲೂ ಇಲ್ಲ. ತಿದ್ದುವುದು ನನಗೆ ಹೇಳಿಕೊಳ್ಳುವಂಥ ವಿಷಯವೇ ಆಗಿರಲಿಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ಅವಳಿ ಮಕ್ಕಳ ಹಾಗೆ ಇದ್ದವು. ಅವರು ನೋಡಿ ಆಶ್ಚರ್ಯಪಟ್ಟರು. ಪ್ರೊಫೆಸರ್ ಒಪ್ಪಿಗೆ ಕೊಟ್ಟರು. ಶಾಲೆಯ ಮಕ್ಕಳು ಟಿಕ್ ಹಾಕಿದರು.

ಕ್ರಿಸ್ಮಸ್ ರಜೆ ಮುಗಿದ ಮೇಲೆ ಒಂದು ಸಂಜೆ ಅವರು ಬಂದರು. ಬಾಗಿಲು ತಟ್ಟಿದ್ದೇ ಕೇಳಿಸಲಿಲ್ಲ, ಅಷ್ಟು ಮೆತ್ತಗೆ. 'ಸ್ಮಾಲ್ ಕ್ವೆಶ್ಚನ್' ಎನ್ನಲಿಲ್ಲ. ಕುಳಿತು, ಮೊಣಕಾಲ ಮೇಲೆ ಟವೆಲನ್ನು ಮಡಿಸುತ್ತ ಬಿಡಿಸುತ್ತ ಇದ್ದರು.

ಮಧ್ಯಾಹ್ನದ ಬಿಡುವಿನ ಪ್ರಶ್ನೆಗೆ ಹೆಚ್ಚುಕಡಿಮೆ ಎಲ್ಲ ಮಕ್ಕಳೂ 'ಕುಳಿತಿದ್ದೆ' ಎಂದೇ ಟಿಕ್ ಹಾಕಿದ್ದರು. ಅದು ಹೇಗೋ ಪೇರೆಂಟ್ಸ್ ಕಿವಿಗೆ ಬಿದ್ದಿತ್ತು. ಹೇಗೂ ಕುಳಿತೇ ಇರುತ್ತಾರಲ್ಲ, ಆ ಬಿಡುವನ್ನು ಲೆಕ್ಕದ ಕ್ಲಾಸು ಮಾಡಿಬಿಡಿ, ಊರಿಗೆ ವಾಪಸು ಹೋದಾಗ ಎಂಟ್ರನ್ಸ್‌ಗೆ ಉಪಯೋಗವಾಗುತ್ತದೆ ಎಂದು ಕೆಲವರು ಕೇಳುತ್ತಿದ್ದರು. ಫೆಬ್ರವರಿಯ ಮೀಟಿಂಗಿನಲ್ಲಿ ತೀರ್ಮಾನ. ಆಧಾರ, ಇವರ ಹಾಳೆಗಳು.

"ನಾನು ಪಿ.ಟಿ. ಟೀಚರ್. ನನ್ನ ಪೇಪರ್‌ನಿಂದ ಮಕ್ಕಳ ಆಟ ಹೋಗುತ್ತದೆ," ಎಂದರು. ಟವೆಲನ್ನು ಮತ್ತೆ ಮಡಿಸಿ, "ನಿನ್ನೆ ಒಬ್ಬ ಹುಡುಗನನ್ನು ಕೇಳಿದೆ, ಯಾಕೆ ಕುಳಿತೆ? ಅವನು ಹೇಳಿದ, ಊಟ ಮಾಡ್ತಾ ಇರುವಾಗ ಎದ್ದರೆ ಅಮ್ಮ ಬೈತಾರೆ. ಊಟ ಮಾಡ್ತಾ ಇರುವಾಗ. ಯಾಕೆ ಹಾಗೆ ಹೇಳಿದ?"

ಆ ಮಾತು ನಾನು ಓದಿದ್ದೆ. ಮೂಲದ ಪ್ರಶ್ನೆ, ಊಟದ ಬಿಡುವಿನಲ್ಲಿ ತಿನ್ನುವುದು ಬಿಟ್ಟು ಬೇರೆ ಏನು ಮಾಡಿದೆ ಎಂದು. ಅಬುಧಾಬಿಯ ಹೆಂಗಸು ಬರೆದದ್ದು, ಊಟ ಮಾಡುತ್ತಾ ಇರುವಾಗ ಬೇರೆ ಏನು ಮಾಡಿದೆ ಎಂದು. ಅದನ್ನು ಕೆಟ್ಟ ಇಂಗ್ಲಿಷ್ ಎಂದುಕೊಂಡು, ನಾನೇ ನನ್ನ ಕೈಯಾರೆ ಮೂಲದ ಹಾಗೆ ತಿದ್ದಿದ್ದೆ.

ಆ ಸಂಜೆ ನಾನು ಬಾಯಿ ಬಿಡಲಿಲ್ಲ. "ಮಕ್ಕಳಲ್ಲವೇ, ಏನಾದರೂ ಹೇಳುತ್ತಾರೆ," ಎಂದು ಬಿಸ್ಕೆಟ್ ಪ್ಲೇಟು ಮುಂದಿಟ್ಟೆ. ಮೂವತ್ತು ವರ್ಷದಲ್ಲಿ ಎಷ್ಟೋ ಮಕ್ಕಳನ್ನು ಎದ್ದು ನಿಲ್ಲಿಸಿ, 'ಓನ್ ಅಪ್' ಎಂದು ಗದರಿಸಿದವಳು ನಾನು. ಎದ್ದು ನಿಲ್ಲುವುದು ಎಷ್ಟು ಕಷ್ಟ ಎಂದು ಗೊತ್ತಿರಲಿಲ್ಲ. ಮರುದಿನ ಬೆಳಿಗ್ಗೆ ಕಾಫಿ ಅರ್ಧಕ್ಕೇ ಬಿಟ್ಟು ಎದ್ದೆ. ಎದುರು ಮನೆಗೆ ಹೋಗಿ, ಬೆಲ್ ಒತ್ತದೆ, ಎರಡು ಬೆರಳಿನಿಂದ ಬಾಗಿಲು ತಟ್ಟಿದೆ.

ಎಲ್ಲ ಕೇಳಿದರು. ನನ್ನ ಟೈಪ್ ಮಾಡಿದ ಹಾಳೆಗಳನ್ನು ತಂದು ಮೇಜಿನ ಮೇಲೆ ಹರವಿ, ಬಹಳ ಹೊತ್ತು ನೋಡಿದರು.

"ಟೀಚರ್, ನಿಮ್ಮ ಇಂಗ್ಲಿಷ್ ತುಂಬ ಚೆಂದ," ಎಂದರು. "ಈ ಕೆಲಸಕ್ಕೆ ಚೆಂದ ಬೇಡ. ಗಾಯ ಎಲ್ಲಿದೆ ಅಂತ ಕಾಣಬೇಕು. ನೀವು ಗಾಯದ ಮೇಲೆ ಪೌಡರ್ ಹಾಕಿದಿರಿ."

ಅವರು ಎದ್ದು ಹೋಗಿ ಚಹಾ ಮಾಡಿ ತಂದರು. ನನ್ನ ಮುಂದೆ ಕಪ್ ಇಟ್ಟು, "ಮೊದಲ ತಪ್ಪು ನನ್ನ ಜಪಾನಿ. ಎರಡನೇ ತಪ್ಪು ನಿಮ್ಮ ಇಂಗ್ಲಿಷ್. ನಾವು ಇಬ್ಬರು," ಎಂದರು. ಆಮೇಲೆ, "ಶನಿವಾರ ಅಬುಧಾಬಿಗೆ ಹೋಗೋಣ."

ಇ-ಮೇಲ್ ಮಾಡಿದರೆ ಆ ಹೆಂಗಸು ತನ್ನ ಹಾಳೆಗಳನ್ನು ಮತ್ತೆ ಕಳಿಸುತ್ತಾಳಲ್ಲ, ಅಷ್ಟು ದೂರ ಯಾಕೆ ಎಂದೆ. ಮತ್ತೆ ತಲೆ ವಾಲಿತು, ಹಲ್ಲಿನ ಸಂದಿಯಲ್ಲಿ ಉಸಿರು ಹೋಯಿತು. ಅವಳ ಮಾತನ್ನು ಅವಳಿಗೆ ತಿಳಿಸದೆ ಬದಲಿಸಿದ್ದೇವೆ. ಅಂಥದ್ದಕ್ಕೆ ಕ್ಷಮೆಯನ್ನು ಎದುರು ನಿಂತು, ತಿಂಡಿಯ ಪೊಟ್ಟಣ ಕೊಟ್ಟು ಕೇಳಬೇಕಂತೆ. ಅವರ ಕಡೆಯ ಕ್ರಮ ಅದು. ಮನೆಯಲ್ಲಿ ಕ್ರಿಸ್ಮಸ್‌ನ ಕುಸ್ವಾರ್ ತಿಂಡಿ ಇನ್ನೂ ಉಳಿದಿತ್ತು. ಕಲ್‌ಕಲ್, ನೆವ್ರಿ, ರೋಸ್ ಕುಕ್ಕೀಸ್, ಎಲ್ಲ ಒಂದು ಡಬ್ಬಿಗೆ ತುಂಬಿಸಿದೆ. ಅವರು ಅದನ್ನು ಒಂದು ಚೌಕ ಬಟ್ಟೆಯಲ್ಲಿ ಸುತ್ತಿ, ಮೇಲೆ ಎಂಥ ಗಂಟು ಹಾಕಿದರೆಂದರೆ, ಬಿಚ್ಚಲು ಮನಸ್ಸು ಬಾರದು.

ಬಸ್ಸಿನಲ್ಲಿ ಅವರು ಅರ್ಧ ಗಂಟೆಗೊಮ್ಮೆ ಕಾಲ ಬೆರಳುಗಳನ್ನು ಶೂ ಒಳಗೇ ಮಡಿಸಿ ಬಿಡಿಸಿದರು, ನನ್ನಿಂದಲೂ ಮಾಡಿಸಿದರು.

ದುಭಾಷಿ ಹೆಂಗಸು ನಮ್ಮನ್ನು ಕಡಲ ದಂಡೆಯ ಕಾರ್ನಿಶ್ ರಸ್ತೆಯ ಹತ್ತಿರದ ಒಂದು ಕೆಫೆಟೇರಿಯಾಕ್ಕೆ ಕರೆದಿದ್ದಳು. ಇವರು ನಿಂತು ಬಾಗಿದರು. ಚರ್ಚಿನ ಆಲ್ಟರ್ ಬಿಟ್ಟರೆ ಯಾರಿಗೂ ಬಾಗದ ನನ್ನ ಬೆನ್ನನ್ನು ನಾನೂ ಬಗ್ಗಿಸಿದೆ. ಅವಳು ಡಬ್ಬಿ ತೆಗೆದುಕೊಂಡು, ನನ್ನ ಮಾತು ಪೂರ್ತಿ ಕೇಳಿ, ನಮ್ಮ ರಿಯಾಳ ಪ್ರಿನ್ಸಿಪಾಲರಿಗಿಂತಲೂ ಸೊಗಸಾದ ಇಂಗ್ಲಿಷಿನಲ್ಲಿ ಹೇಳಿದಳು: "ಮ್ಯಾಡಮ್, ನಾನು ಇಂಗ್ಲೆಂಡಿನಲ್ಲಿ ಓದಿದವಳು. ಬೇಕೆಂದೇ ಹಾಗೆ ಬರೆದದ್ದು. ಜಪಾನಿಯಲ್ಲಿ ಹೇಗೆ ಕೂತಿದೆಯೋ ಹಾಗೆ ತೋರಿಸಬೇಕಲ್ಲ."

ವಾಪಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿಯ ಕಡೆ ಮುಖ ತಿರುಗಿಸಿಕೊಂಡೆ. ಪಕ್ಕದಲ್ಲಿ ಏನೋ ಕುಲುಕುತ್ತಿತ್ತು. ನೋಡಿದರೆ ಇವರು ಟವೆಲನ್ನು ಬಾಯಿಗೆ ಒತ್ತಿಕೊಂಡು ನಗುತ್ತಿದ್ದಾರೆ. ನನಗೂ ತಡೆಯಲಾಗಲಿಲ್ಲ. ಜೆಬೆಲ್ ಅಲಿ ಬರುವವರೆಗೂ ಇಬ್ಬರೂ ನಕ್ಕೆವು.

ಮೀಟಿಂಗಿಗೆ ಎರಡು ವಾರ ಉಳಿದಿತ್ತು. ಮಾರ್ಚ್‌ಗೆ ಅವರ ಶಾಲೆಯ ವರ್ಷ ಮುಗಿಯುತ್ತದೆ. ಕೆಲವು ಕುಟುಂಬಗಳು ಆಗಲೇ ಪೆಟ್ಟಿಗೆ ಕಟ್ಟುತ್ತಿದ್ದವು. ಇವರು ಪ್ರಶ್ನೆಯನ್ನು ತಿದ್ದಿದರು: ಊಟ ಮುಗಿದ ಮೇಲೆ ಏನು ಮಾಡಿದೆ? ಎಲ್ಲರಿಂದ ಮತ್ತೆ ಒಪ್ಪಿಗೆ ಪಡೆದು, ಎಲ್ಲ ಮಕ್ಕಳ ಮುಂದೆ ಮತ್ತೆ ಹಾಳೆ ಇಟ್ಟರು. ನನ್ನನ್ನೂ ಕರೆದುಕೊಂಡು ಹೋಗಿ ಹಿಂದಿನ ಬೆಂಚಿನಲ್ಲಿ ಕೂರಿಸಿದರು. "ಟೀಚರ್, ಪೆನ್ಸಿಲ್ ನನಗೆ ಕೊಡಿ," ಎಂದು ಕೈ ಚಾಚಿದರು. ತಮಾಷೆಗಲ್ಲ. ಕೊಟ್ಟೆ.

ಮಕ್ಕಳು ಬಗ್ಗಿ ಟಿಕ್ ಹಾಕುತ್ತಿದ್ದರು. ಹಾಳೆ ಮುಗಿಸಿದ ಕೂಡಲೇ ಒಬ್ಬೊಬ್ಬರೇ ಕುರ್ಚಿಯ ತುದಿಗೆ ಬಂದು, ಬೆಲ್‌ಗೆ ಕಾಯುತ್ತ, ಮೇಜಿನಡಿ ಕಾಲು ಅಲ್ಲಾಡಿಸುತ್ತಿದ್ದರು. ಬೆಲ್ ಆದಾಗ ಆ ಕ್ಲಾಸು ಎಷ್ಟು ಬೇಗ ಖಾಲಿಯಾಯಿತೆಂದರೆ, ನನ್ನ ಕನ್ನಡಕ ಒರೆಸಿ ಹಾಕಿಕೊಳ್ಳುವಾಗ ಇದ್ದದ್ದು ನಾವಿಬ್ಬರೇ. ಹೊರಗೆ ಒಂದು ಚೆಂಡು ಗೋಡೆಗೆ ಬಡಿಯುವ ಸದ್ದು. ಇವರು ಹಾಳೆಗಳನ್ನು ಒಂದೊಂದೇ ಮಗುಚುತ್ತ ಹೋದರು. ಓಡಿದೆ, ಓಡಿದೆ, ತುಂಬ ಓಡಿದೆ. ಕೊನೆಗೆ ಕಟ್ಟನ್ನು ಮೇಜಿಗೆ ಕುಟ್ಟಿ ಅಂಚು ಸರಿಮಾಡಿ, ಹಂಝಾನಿಂದ ಕಲಿತ ಏಕೈಕ ಅರಬಿ ಮಾತನ್ನು ಹೇಳಿದರು: "ಖಲಾಸ್."

ಮೀಟಿಂಗಿನಲ್ಲಿ ಅವರು ಎದ್ದು ನಿಂತು, ಮೊದಲ ಸಲ ಕೇಳಿದ ಪ್ರಶ್ನೆ ತಪ್ಪಾಗಿತ್ತು, ಮಕ್ಕಳು ಸರಿಯಾಗಿಯೇ ಉತ್ತರ ಕೊಟ್ಟಿದ್ದರು ಎಂದು ಹೇಳಿ ಬಾಗಿದರಂತೆ. ನನ್ನ ಹೆಸರು ಎತ್ತಲಿಲ್ಲ. ಬಿಡುವು ಬಿಡುವಾಗಿಯೇ ಉಳಿಯಿತು.

ಮರುವರ್ಷ ಅವರ ಗಂಡನಿಗೆ ಟ್ರಾನ್ಸ್‌ಫರ್ ಆಯಿತು. ಹೊರಡುವ ದಿನ ನನ್ನ ಕೆಂಪು ಪೆನ್ಸಿಲನ್ನು ಬಟ್ಟೆಯಲ್ಲಿ ಸುತ್ತಿ, ಅದೇ ಗಂಟು ಹಾಕಿ ತಂದುಕೊಟ್ಟರು. ಹಂಝಾ ಅಂಗಡಿಯಿಂದ ಹೊರಗೆ ಬಂದು ಸೂಟ್‌ಕೇಸು ಟ್ಯಾಕ್ಸಿಗೆ ಎತ್ತಿಟ್ಟ. "ಜಪಾನಿಗೆ ಸಲಾಂ ಹೇಳಿ ಮೇಡಂ," ಎಂದ. ಯಾರೂ ತಿದ್ದದೆ ದೇಶ ಸರಿಯಾದದ್ದು ಆವತ್ತೇ.

ಆಮೇಲೆ ಮೇಲ್‌ನಲ್ಲಿ ಸ್ಮಾಲ್ ಕ್ವೆಶ್ಚನ್‌ಗಳು ಬರುತ್ತಿದ್ದವು. ಟೀಚರ್ ಈ ವಾರ ಎಷ್ಟು ದಿನ ನಡೆದಿರಿ. ಟೀಚರ್ ಮೆಟ್ಟಿಲಾ, ಲಿಫ್ಟಾ. ನಾನು ಅರ್ಧ ಸುಳ್ಳು ಬರೆಯುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು ಎಂದು ನನಗೂ ಗೊತ್ತಿತ್ತು.

ಅವರ ಗಂಡನ ಮೇಲ್ ಇಂಗ್ಲಿಷಿನಲ್ಲಿದೆ. ಪ್ರಿಂಟ್ ತೆಗೆದು, ಡೈನಿಂಗ್ ಟೇಬಲ್ಲಿನಲ್ಲಿ ಇಟ್ಟುಕೊಂಡು ಓದಿದೆ. ಅದನ್ನು ಇಲ್ಲಿ ಕನ್ನಡಕ್ಕೆ ತರುತ್ತಿದ್ದೇನೆ, ಅಲ್ಲಿ ಹೇಗೆ ಕೂತಿದೆಯೋ ಹಾಗೆ.

'ಹೆಂಡತಿ ಗುರುವಾರದವರೆಗೆ ನಡೆದಳು. ಶುಕ್ರವಾರ ನಡೆಯಲಿಲ್ಲ. ಅವಳ ಮೇಜಿನಲ್ಲಿ ಟೀಚರ್‌ಗೆ ಒಂದು ಕಾಗದ ಇದೆ. ಸ್ಮಾಲ್ ಕ್ವೆಶ್ಚನ್ ಅಂತ ಮಾತ್ರ ಇದೆ, ಪ್ರಶ್ನೆ ಇಲ್ಲ. ಈಗ ಮನೆ ತುಂಬ ಕೂತಿದೆ.'

ಕೊನೆಯ ವಾಕ್ಯದ ಹತ್ತಿರ ನನ್ನ ಕೈ ಪರ್ಸಿಗೆ ಹೋದದ್ದು ನಿಜ. ಪೆನ್ಸಿಲ್ ಇನ್ನೂ ಆ ಬಟ್ಟೆಯ ಗಂಟಿನೊಳಗೇ ಇದೆ. ಬಿಚ್ಚಲಿಲ್ಲ.

ಆಗಷ್ಟೇ ಊಟ ಮುಗಿದಿತ್ತು. ಕೈ ತೊಳೆದು, ಚಪ್ಪಲಿ ಮೆಟ್ಟಿ, ಬಾಗಿಲು ಎಳೆದುಕೊಂಡೆ. ಲಿಫ್ಟ್ ನಮ್ಮ ಫ್ಲೋರಿನಲ್ಲೇ ಬಾಗಿಲು ತೆರೆದು ನಿಂತಿತ್ತು. ನಾನು ಮೆಟ್ಟಿಲಿನಲ್ಲಿ ಇಳಿದೆ.